ಗುಳಿಗೆಯ ಭಯ, ಗುಳಿಗೆಯ ಬೆಲೆ

ಮಂಗಳೂರಿನ ಹಂಪನಕಟ್ಟೆಯಲ್ಲಾಗಲಿ ಕಂಕನಾಡಿಯಲ್ಲಾಗಲಿ, ಸಂಜೆಯ ಹೊತ್ತು ಮದ್ದಿನಂಗಡಿಯೊಂದರ ಮುಂದೆ ಸ್ವಲ್ಪ ಕಾಲ ನಿಂತವರಿಗೆ ಒಂದು ಸಂಗತಿ ಗಮನಕ್ಕೆ ಬರದಿರದು. ಮಗುವಿನ ಕೆಮ್ಮಿಗೋ ಅತ್ತೆಯವರ ಮಂಡಿನೋವಿಗೋ ಮದ್ದು ಕೇಳುವ ಗೃಹಿಣಿಯ ದನಿ ಸಹಜವಾಗಿರುತ್ತದೆ. ಅದೇ ಗೃಹಿಣಿಗೆ ಗರ್ಭನಿರೋಧಕ ಗುಳಿಗೆ ಬೇಕಾದಾಗ ಮಾತ್ರ ದನಿ ಅಡಗುತ್ತದೆ. ಬೇರೆ ಗಿರಾಕಿಗಳು ಹೋಗುವವರೆಗೆ ಆಕೆ ಕಾಯುತ್ತಾಳೆ. ಹೆಸರನ್ನು ಚೀಟಿಯಲ್ಲಿ ಬರೆದುಕೊಡುತ್ತಾಳೆ. ಕಾಗದದಲ್ಲಿ ಸುತ್ತಿಕೊಟ್ಟ ಪೊಟ್ಟಣವನ್ನು ಚೀಲದ ತಳಕ್ಕೆ ಸೇರಿಸಿ ಹೊರಟುಬಿಡುತ್ತಾಳೆ. ಬೆಲೆಯನ್ನು ಬಿಟ್ಟು ಬೇರಾವ ಮಾತೂ ಅಲ್ಲಿ ನಡೆಯುವುದಿಲ್ಲ.

ಆದರೆ ಆಕೆಯ ಮನಸ್ಸಿನಲ್ಲಿ ಪ್ರಶ್ನೆಗಳಿಲ್ಲವೆಂದಲ್ಲ. ಈ ಗುಳಿಗೆಯಿಂದ ಮೈಗೆ ಕೇಡುಂಟೆ? ನೆರೆಮನೆಯವಳು ನುಂಗಿ ವಾಂತಿಮಾಡಿಕೊಂಡಳಂತೆ, ನಿಜವೆ? ತಿಂಗಳು ತಿಂಗಳೂ ಇಷ್ಟು ಹಣ ತೆರಲು ಸಂಸಾರದ ಲೆಕ್ಕದಲ್ಲಿ ಎಡೆಯಿದೆಯೆ? ಸರ್ಕಾರ ಪುಕ್ಕಟೆಯಾಗಿ ಕೊಡುವ ಗುಳಿಗೆ ಕಳಪೆಯಲ್ಲವೆ? ಉತ್ತರ ಸಿಗದಿದ್ದಾಗ ಎಷ್ಟೋ ಮಂದಿ ಯಾರಿಗೂ ಹೇಳದೆ ಗುಳಿಗೆಯನ್ನು ನಡುವಿನಲ್ಲೇ ಬಿಟ್ಟುಬಿಡುತ್ತಾರೆ. ಒಂದೆರಡು ತಿಂಗಳ ಮೇಲೆ ಬಯಸದ ಬಸಿರು, ಅದರ ಹಿಂದೆ ಕಳವಳ, ಆಸ್ಪತ್ರೆ, ಖರ್ಚು. ಆ ಪ್ರಶ್ನೆಗಳಿಗೆ ತಿಳಿದಮಟ್ಟಿಗೆ ನೇರವಾದ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ.

ಕನ್ನಡ ನಾಡಿಗೆ ಹೊಸತಲ್ಲದ ವಿಚಾರ

ಸಂತತಿ ನಿಯಮನವು ಇತ್ತೀಚೆಗೆ ಪರದೇಶದಿಂದ ಬಂದ ನಾಗರಿಕತೆಯೆಂದು ತಿಳಿದವರುಂಟು. 1921ರಲ್ಲೇ ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು ಇದಕ್ಕಾಗಿ ಸಲಹಾಕೇಂದ್ರವನ್ನು ತೆರೆದು, ಸಮಾಜದ ನಿಂದೆಯನ್ನೂ ಉದ್ಯೋಗದ ನಷ್ಟವನ್ನೂ ಅನುಭವಿಸಿದರು. 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನವು ಬೆಂಗಳೂರು ಮತ್ತು ಮೈಸೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ಕೇಂದ್ರಗಳನ್ನು ತೆರೆಯಲು ಅಪ್ಪಣೆ ಕೊಟ್ಟಿತು. ಸರ್ಕಾರವೇ ಮುಂದಾಗಿ ಈ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲೆಂದು ಹೇಳುತ್ತಾರೆ.

ಆಗ ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿತ್ತು. ಆದರೆ ಈ ಚಳವಳಿಗೆ ಕರಾವಳಿಯ ನಂಟೂ ಇಲ್ಲದಿಲ್ಲ. 1949ರಲ್ಲಿ ಭಾರತದ ಕುಟುಂಬ ಯೋಜನಾ ಸಂಘವನ್ನು ಕಟ್ಟಿದ ಧನ್ವಂತಿ ರಾಮರಾಯರು ಹುಟ್ಟಿದ್ದು 1893ರಲ್ಲಿ, ಹುಬ್ಬಳ್ಳಿಯಲ್ಲಿ. ಸೊಸೆಯಾಗಿ ಸೇರಿದ್ದು ದಕ್ಷಿಣ ಕನ್ನಡ ಮೂಲದ ಬೆನಗಲ್ ಮನೆತನವನ್ನು. ಅವರ ಪತಿ ಸರ್ ಬೆನಗಲ್ ರಾಮರಾಯರು ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದವರು. 1952ರಲ್ಲಿ ಮುಂಬಯಿಯಲ್ಲಿ ನೆರೆದ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಮತ್ತು ಧನ್ವಂತಿಯವರು ಕೈಜೋಡಿಸಿ ವಿಶ್ವ ಸಂಘಟನೆಯೊಂದಕ್ಕೆ ಅಡಿಪಾಯ ಹಾಕಿದರು. ಅದೇ ವರ್ಷ ಭಾರತ ಸರ್ಕಾರವೂ ತನ್ನ ಕುಟುಂಬ ಯೋಜನಾ ಕಾರ್ಯಕ್ರಮವನ್ನು ಆರಂಭಿಸಿತು.

ಮೊದಲ ಪ್ರಯೋಗಗಳಲ್ಲೊಂದು ನಡೆದದ್ದು ನಮ್ಮ ರಾಮನಗರದಲ್ಲಿ. ತಿಂಗಳ ಕೆಲವು ದಿನಗಳಲ್ಲಿ ಸಂಯಮದಿಂದಿರುವ ಕ್ರಮವನ್ನು ಕಲಿಸಲು ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರವನ್ನು ಕೊಡಲಾಯಿತು. ದಿನಕ್ಕೊಂದು ಮಣಿಯನ್ನು ಸರಿಸಿ, ಅದರ ಬಣ್ಣವನ್ನು ನೋಡಿ ನಡೆಯಬೇಕು. ಉಪಾಯ ಸರಳವಾಗಿತ್ತು, ಆದರೆ ಅದು ನಡೆಯಬೇಕಾದರೆ ಮುಟ್ಟು ನಿಯಮಿತವಾಗಿರಬೇಕು, ಗಂಡನೂ ಮಣಿಯ ಮಾತು ಕೇಳಬೇಕು. ಎರಡೂ ಎಲ್ಲ ಮನೆಗಳಲ್ಲಿ ಕೂಡಿಬರಲಿಲ್ಲ. ನಿರೀಕ್ಷಿಸಿದ ಫಲ ದೊರೆಯಲಿಲ್ಲ.

ಗುಳಿಗೆ ಸೌಮ್ಯವಾದ ಕಥೆ

ಹೆಣ್ಣು ತಾನೇ ತೆಗೆದುಕೊಳ್ಳಬಹುದಾದ ಉಪಾಯವೊಂದು ಬೇಕೆಂಬ ಸ್ಯಾಂಗರರ ಹಂಬಲದಿಂದ ಗುಳಿಗೆ ಹುಟ್ಟಿತು. ಗ್ರೆಗರಿ ಪಿಂಕಸ್ ಎಂಬ ವಿಜ್ಞಾನಿಯೂ ಜಾನ್ ರಾಕ್ ಎಂಬ ವೈದ್ಯರೂ ಸೇರಿ ಸಿದ್ಧಪಡಿಸಿದ ಮದ್ದನ್ನು 1956ರಲ್ಲಿ ಪೋರ್ಟೋರಿಕೋ ದ್ವೀಪದ ಬಡ ಹೆಂಗಸರ ಮೇಲೆ ಪರೀಕ್ಷಿಸಿದರು. ಅಲ್ಲಿ ಪ್ರಯೋಗದ ಹೊಣೆ ಹೊತ್ತಿದ್ದ ವೈದ್ಯೆ ಎಡ್ರಿಸ್ ರೈಸ್-ರೇ, ಗುಳಿಗೆ ನುಂಗಿದವರಲ್ಲಿ ನೂರಕ್ಕೆ 17 ಮಂದಿಗೆ ವಾಕರಿಕೆ, ತಲೆಸುತ್ತು, ತಲೆನೋವು, ಹೊಟ್ಟೆನೋವು ಕಾಣಿಸಿತೆಂದೂ, ಇಷ್ಟು ತೊಂದರೆ ಕೊಡುವ ಮದ್ದು ಸಾಮಾನ್ಯ ಬಳಕೆಗೆ ಒಗ್ಗದೆಂದೂ ವರದಿ ಮಾಡಿದರು. ಆ ದೂರುಗಳಲ್ಲಿ ಬಹುಪಾಲು ಮನಸ್ಸಿನ ಕಲ್ಪನೆಯೆಂದು ಪಿಂಕಸರು ತಳ್ಳಿಹಾಕಿದರು. 1960ರಲ್ಲಿ ಅಮೆರಿಕದ ಸರ್ಕಾರ 'ಎನೋವಿಡ್' ಎಂಬ ಹೆಸರಿನ ಆ ಗುಳಿಗೆಗೆ ಒಪ್ಪಿಗೆ ಕೊಟ್ಟಿತು.

ಮರುವರ್ಷವೇ, ಗುಳಿಗೆ ಸೇವಿಸುತ್ತಿದ್ದ ಮಹಿಳೆಯೊಬ್ಬಳಿಗೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಸಂಗತಿಯನ್ನು ಇಂಗ್ಲೆಂಡಿನ ವೈದ್ಯರೊಬ್ಬರು ಬೆಳಕಿಗೆ ತಂದರು. 1968ರ ಹೊತ್ತಿಗೆ ಅಲ್ಲಿಯ ಸಂಶೋಧಕರು ಗುಳಿಗೆಗೂ ರಕ್ತದ ಹೆಪ್ಪಿಗೂ ಇರುವ ಸಂಬಂಧವನ್ನು ಲೆಕ್ಕಸಮೇತ ತೋರಿಸಿದರು. 1970ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಈ ಬಗ್ಗೆ ವಿಚಾರಣೆ ನಡೆಸುತ್ತಿದ್ದಾಗ ಸಭಾಂಗಣದಲ್ಲಿದ್ದ ಯುವತಿಯರು ಎದ್ದು ನಿಂತು, ಗುಳಿಗೆ ನುಂಗಿದ ಹೆಂಗಸರಲ್ಲಿ ಒಬ್ಬರನ್ನೂ ಸಾಕ್ಷಿಗೆ ಕರೆದಿಲ್ಲವೇಕೆಂದು ಕೇಳಿದರು. ಆ ವರ್ಷವೇ ಅಲ್ಲಿ, ಗುಳಿಗೆಯ ಪೊಟ್ಟಣದೊಳಗೆ ಅದರ ಅಪಾಯಗಳನ್ನು ತಿಳಿಸುವ ಚೀಟಿ ಇರಬೇಕೆಂಬ ನಿಯಮ ಬಂತು.

ಅಂದಿನ ಗುಳಿಗೆಯಲ್ಲಿ ಈಸ್ಟ್ರೋಜನ್ ಜಾತಿಯ ಹಾರ್ಮೋನು 150 ಮೈಕ್ರೋಗ್ರಾಮಿನಷ್ಟಿತ್ತು. ಇಂದು ನಮ್ಮ ಸರ್ಕಾರ ಕೊಡುವ ಮಾಲಾ-ಎನ್ ಗುಳಿಗೆಯಲ್ಲಿ ಅದು 30 ಮೈಕ್ರೋಗ್ರಾಂ ಮಾತ್ರ. ಐದರಲ್ಲಿ ಒಂದು ಪಾಲಿಗೆ ಇಳಿದ ಈ ಪ್ರಮಾಣ ತಾನಾಗಿ ಇಳಿದದ್ದಲ್ಲ. ತೊಂದರೆಯಾದವರು ಬಾಯಿಬಿಟ್ಟು ಹೇಳಿದರು, ಕೇಳಿದ ವೈದ್ಯರು ಬರೆದಿಟ್ಟರು, ಆದ್ದರಿಂದ ಇಳಿಯಿತು. 'ಇದೆಲ್ಲ ನಿನ್ನ ಕಲ್ಪನೆ' ಎಂದು ಗದರಿಸುವವರು ಇಂದೂ ಇದ್ದಾರೆ. ಅಂಥವರ ಮಾತಿಗೆ ಅಳುಕಬೇಕಾಗಿಲ್ಲ.

ನಮ್ಮಲ್ಲಿ ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಉಂಟು. 1965ರಲ್ಲಿ ಸರ್ಕಾರ 'ಲೂಪ್' ಎಂಬ ವಂಕಿಯನ್ನು ಬಹಳ ಹುರುಪಿನಿಂದ ದೇಶದಾದ್ಯಂತ ಪ್ರಚಾರಕ್ಕೆ ತಂದಿತು. ರಕ್ತಸ್ರಾವ ಹೆಚ್ಚಬಹುದೆಂದು ಅನೇಕರಿಗೆ ಮೊದಲೇ ತಿಳಿಸಲಿಲ್ಲ. ತೊಂದರೆಯಾದಾಗ ನೋಡುವವರೂ ಸಾಕಷ್ಟಿರಲಿಲ್ಲ. ಕೆಲವೇ ವರ್ಷಗಳಲ್ಲಿ ಗಾಳಿಮಾತು ಹಬ್ಬಿ ಜನ ದೂರ ಸರಿದರು. ಸಾಧನದ ದೋಷಕ್ಕಿಂತ ಅದರ ಬಗ್ಗೆ ನಡೆದ ಮೌನವೇ ಹೆಚ್ಚು ಕೆಡುಕು ಮಾಡಿತೆಂದರೆ ತಪ್ಪಾಗಲಾರದು.

ಸಾಮಾನ್ಯ ತೊಂದರೆಗಳು ಮತ್ತು ಅವುಗಳ ಪರಿಹಾರ

ಗುಳಿಗೆಯ ಕೆಲಸ ಹೀಗೆ: ಅದರಲ್ಲಿರುವ ಎರಡು ಹಾರ್ಮೋನುಗಳು ಅಂಡಾಶಯದಿಂದ ಅಂಡವು ಬಿಡುಗಡೆಯಾಗದಂತೆ ತಡೆಯುತ್ತವೆ, ಗರ್ಭಕೊರಳಿನ ಲೋಳೆಯನ್ನು ಗಟ್ಟಿಮಾಡುತ್ತವೆ. ಮಾಲಾ-ಎನ್ ಪೊಟ್ಟಣದಲ್ಲಿ 28 ಗುಳಿಗೆಗಳಿರುತ್ತವೆ. 21ರಲ್ಲಿ ಹಾರ್ಮೋನು, ಉಳಿದ ಏಳರಲ್ಲಿ ಕಬ್ಬಿಣದ ಸತ್ವ. ಈ ಏಳು ದಿನಗಳಲ್ಲಿ ಮುಟ್ಟು ಬರುತ್ತದೆ. ತಪ್ಪದೆ ನುಂಗಿದವರಲ್ಲಿ ವರ್ಷಕ್ಕೆ ನೂರರಲ್ಲಿ ಒಬ್ಬರೂ ಬಸಿರಾಗಲಾರರು. ಮರೆವು, ಪ್ರಯಾಣ, ಕಾಯಿಲೆ ಎಲ್ಲವೂ ಸೇರಿದ ನಿಜಜೀವನದಲ್ಲಿ ಮಾತ್ರ ಸುಮಾರು ಏಳು ಮಂದಿ ಬಸಿರಾಗುತ್ತಾರೆ.

ಆರಂಭದ ಎರಡು ಮೂರು ತಿಂಗಳುಗಳಲ್ಲಿ ಕೆಲವರಿಗೆ ವಾಕರಿಕೆ, ತಲೆನೋವು, ಸ್ತನಗಳ ಬಿಗುವು, ಮುಟ್ಟಿನ ನಡುವೆ ಅಲ್ಪಸ್ವಲ್ಪ ಕೆಂಪು ಕಾಣಿಸುವುದು ಉಂಟು. ಶರೀರ ಹೊಂದಿಕೊಂಡಂತೆ ಇವು ಹೆಚ್ಚಿನವರಲ್ಲಿ ತಾವಾಗಿ ಶಮನವಾಗುತ್ತವೆ. ಬರಿಹೊಟ್ಟೆಯಲ್ಲಿ ನುಂಗದೆ, ರಾತ್ರಿಯ ಊಟವಾದ ಮೇಲೆ ಮಲಗುವ ಮುನ್ನ ತೆಗೆದುಕೊಂಡರೆ ವಾಕರಿಕೆ ಎಷ್ಟೋ ಕಡಿಮೆ. ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದನ್ನು ತೆಗೆದುಕೊಳ್ಳಬೇಕು. ಕೆಲವರ ಕೆನ್ನೆಯ ಮೇಲೆ ಬಂಗು ಮೂಡುತ್ತದೆ. ಕೆಲವರ ಮನಸ್ಸು ಮಂಕಾಗುತ್ತದೆ, ಸಿಡುಕು ಹೆಚ್ಚುತ್ತದೆ. ಹಾಗಾದರೆ ಸಹಿಸಿಕೊಂಡು ಕೂಡದೆ ವೈದ್ಯರಿಗೆ ತಿಳಿಸಿ ಗುಳಿಗೆಯನ್ನಾಗಲಿ ವಿಧಾನವನ್ನಾಗಲಿ ಬದಲಾಯಿಸಿಕೊಳ್ಳಬೇಕು. ಮೈ ದಪ್ಪಗಾಗುತ್ತದೆಂಬ ಹೆದರಿಕೆ ಬಹಳ ಮಂದಿಗೆ ಇದೆ. ಪರೀಕ್ಷೆಗಳಲ್ಲಿ ಗುಳಿಗೆಯಿಂದ ಗಣನೀಯವಾಗಿ ತೂಕ ಏರುತ್ತದೆಂಬುದು ಸಿದ್ಧವಾಗಿಲ್ಲ. ಮುಂದೆ ಮಕ್ಕಳೇ ಆಗವೆಂಬುದಂತೂ ಸುಳ್ಳು. ಗುಳಿಗೆ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅಂಡವು ಮತ್ತೆ ಬಿಡುಗಡೆಯಾಗತೊಡಗುತ್ತದೆ.

ಒಂದು ದಿನ ಮರೆತರೆ ನೆನಪಾದೊಡನೆ ನುಂಗಿ, ಆ ದಿನದ ಗುಳಿಗೆಯನ್ನು ಎಂದಿನ ಹೊತ್ತಿಗೇ ತೆಗೆದುಕೊಳ್ಳಬೇಕು. ಎರಡು ಅಥವಾ ಹೆಚ್ಚು ದಿನ ತಪ್ಪಿದರೆ, ಗುಳಿಗೆಯನ್ನು ಮುಂದುವರಿಸುವುದರ ಜೊತೆಗೆ ಏಳು ದಿನ ನಿರೋಧವನ್ನೂ ಬಳಸಬೇಕು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಮತ್ತು ಮೂರ್ಛೆರೋಗಕ್ಕೆ ಕೊಡುವ ಕೆಲವು ಮದ್ದುಗಳು ಗುಳಿಗೆಯ ಬಲವನ್ನು ಕುಂದಿಸುತ್ತವೆ. ಬೇರೆ ಮದ್ದು ಸೇವಿಸುತ್ತಿರುವವರು ಅದನ್ನು ಮುಚ್ಚಿಡಬಾರದು.

ಒಳಿತಿನ ಬದಿಯನ್ನೂ ಹೇಳುವುದು ನ್ಯಾಯ. ಮುಟ್ಟಿನ ನೋವು ಮತ್ತು ಸ್ರಾವ ಕಡಿಮೆಯಾಗುತ್ತವೆ; ರಕ್ತಹೀನತೆಯಿಂದ ಬಳಲುವವರಿಗೆ ಇದು ಸಣ್ಣ ಲಾಭವಲ್ಲ. ಅಂಡಾಶಯದ ಮತ್ತು ಗರ್ಭಕೋಶದ ಒಳಪದರದ ಅರ್ಬುದ ರೋಗಗಳ ಸಾಧ್ಯತೆ ಇಳಿಯುತ್ತದೆ. ಗುಳಿಗೆ ನುಂಗುತ್ತಿರುವ ಕಾಲದಲ್ಲಿ ಸ್ತನದ ಅರ್ಬುದದ ಸಾಧ್ಯತೆ ಸ್ವಲ್ಪ ಏರುತ್ತದೆ. ಬಿಟ್ಟ ಮೇಲೆ ಕ್ರಮೇಣ ಇಳಿಯುತ್ತದೆ.

ಯಾರಿಗೆ ಸಲ್ಲದು?

ನಿಜವಾಗಿ ಎಚ್ಚರಬೇಕಾದ ಅಪಾಯವೆಂದರೆ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು. ಐರೋಪ್ಯ ಔಷಧ ಸಂಸ್ಥೆ 2013ರಲ್ಲಿ ಕೊಟ್ಟ ಲೆಕ್ಕದಂತೆ, ಗುಳಿಗೆ ನುಂಗದ, ಬಸಿರಿಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ ಇಬ್ಬರಿಗೆ ಇಂಥ ಹೆಪ್ಪು ಉಂಟಾಗುತ್ತದೆ. ಮಾಲಾ-ಎನ್‌ನಲ್ಲಿರುವ ಲೆವೊನಾರ್ಜೆಸ್ಟ್ರೆಲ್ ಸೇರಿದ ಗುಳಿಗೆ ನುಂಗುವವರಲ್ಲಿ ಐದರಿಂದ ಏಳು ಮಂದಿಗೆ. ಬಸಿರಿನಲ್ಲಿಯೂ ಬಾಣಂತನದಲ್ಲಿಯೂ ಈ ಅಪಾಯ ಅದಕ್ಕಿಂತ ಹೆಚ್ಚು. ಆದ್ದರಿಂದ ಆರೋಗ್ಯವಂತ ಹೆಣ್ಣಿಗೆ ಹೆದರಿಕೆಯ ಕಾರಣವಿಲ್ಲ. ಆದರೆ ಕೆಲವರು ಈ ಗುಳಿಗೆಯನ್ನು ಮುಟ್ಟಲೇಬಾರದು.

ರಕ್ತದೊತ್ತಡ ಹೆಚ್ಚಿರುವವರು, ಹೃದ್ರೋಗ ಅಥವಾ ಪಾರ್ಶ್ವವಾಯು ಆದವರು, ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಕಣ್ಣಮುಂದೆ ಮಿಂಚು ಮೂಡಿ ಬರುವಂಥ ಅರೆತಲೆನೋವು ಇರುವವರು, ಕಾಮಾಲೆ ಮತ್ತಿತರ ಯಕೃತ್ತಿನ ಕಾಯಿಲೆಯಿಂದ ನರಳುತ್ತಿರುವವರು, ಸ್ತನದ ಅರ್ಬುದ ಬಂದವರು, 35 ದಾಟಿದ ಧೂಮಪಾನಿಗಳು: ಇವರೆಲ್ಲರಿಗೆ ಬೇರೆ ವಿಧಾನವೇ ಲೇಸು. ಮೊಲೆಯೂಡುವ ತಾಯಂದಿರು ಹೆರಿಗೆಯಾದ ಆರು ತಿಂಗಳವರೆಗೆ ಇದನ್ನು ತೆಗೆದುಕೊಳ್ಳದಿರುವುದು ಒಳ್ಳೆಯದು.

ನುಂಗುತ್ತಿರುವಾಗ ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಹಿಂದೆಂದೂ ಕಾಣದ ತಲೆಶೂಲೆ, ದೃಷ್ಟಿ ಮಸುಕಾಗುವುದು, ಮಾತು ತೊದಲುವುದು, ಹೊಟ್ಟೆಯಲ್ಲಿ ತೀವ್ರ ನೋವು ಇವುಗಳಲ್ಲಿ ಯಾವುದು ಕಂಡರೂ ಗುಳಿಗೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲೆಂದು ಕಾಯಬಾರದು.

ಹೆದರಿಕೆಯೂ ಒಂದು ದುಷ್ಪರಿಣಾಮವೆಂಬುದಕ್ಕೆ ಇಂಗ್ಲೆಂಡಿನ ಅನುಭವವೇ ಸಾಕ್ಷಿ. 1995ರ ಅಕ್ಟೋಬರಿನಲ್ಲಿ ಕೆಲವು ಹೊಸ ಗುಳಿಗೆಗಳಿಂದ ರಕ್ತದ ಹೆಪ್ಪಿನ ಅಪಾಯ ಇಮ್ಮಡಿಯೆಂಬ ಎಚ್ಚರಿಕೆ ಹೊರಬಿದ್ದಾಗ, ಸಾವಿರಾರು ಹೆಂಗಸರು ಪೊಟ್ಟಣದ ನಡುವಿನಲ್ಲೇ ಗುಳಿಗೆಯನ್ನು ಎಸೆದರು. ಮರುವರ್ಷ ಅಲ್ಲಿ ಗರ್ಭಪಾತಗಳ ಸಂಖ್ಯೆ ಏರಿತು. 'ಇಮ್ಮಡಿ' ಎಂಬ ಮಾತು ಎಲ್ಲರ ಕಿವಿಗೂ ಬಿತ್ತು. ಮೂಲದಲ್ಲಿ ಆ ಅಪಾಯ ಎಷ್ಟು ಚಿಕ್ಕದೆಂಬುದು ಬೀಳಲಿಲ್ಲ.

ದುಬಾರಿಯದೇ ಉತ್ತಮವೆ?

ಮದ್ದಿನಂಗಡಿಯಲ್ಲಿ ಇಂದು ಬಗೆಬಗೆಯ ಗುಳಿಗೆಗಳಿವೆ. ಕೆಲವು ಹೊಸ ಗುಳಿಗೆಗಳ ಒಂದು ತಿಂಗಳ ಪೊಟ್ಟಣಕ್ಕೆ ಕೆಲವು ನೂರು ರೂಪಾಯಿ ತೆರಬೇಕು. ಮೊಡವೆ, ಅನಗತ್ಯ ರೋಮ ಮೊದಲಾದ ಕಾರಣಗಳಿಗಾಗಿ ವೈದ್ಯರು ಅವನ್ನು ಬರೆದುಕೊಟ್ಟರೆ ಅದಕ್ಕೆ ಅರ್ಥವಿದೆ. ಆದರೆ ಬಸಿರನ್ನು ತಡೆಯುವುದಷ್ಟೇ ಉದ್ದೇಶವಾದರೆ, ಬೆಲೆ ಹೆಚ್ಚಿದ ಮಾತ್ರಕ್ಕೆ ರಕ್ಷಣೆ ಹೆಚ್ಚಲಾರದು. ಮೇಲೆ ಹೇಳಿದ ಐರೋಪ್ಯ ಲೆಕ್ಕದಲ್ಲೇ, ಡ್ರೊಸ್ಪಿರಿನೋನ್, ಡೆಸೊಜೆಸ್ಟ್ರೆಲ್ ಮುಂತಾದುವು ಸೇರಿದ ಗುಳಿಗೆಗಳಲ್ಲಿ ರಕ್ತದ ಹೆಪ್ಪಿನ ಪ್ರಮಾಣ 10,000ಕ್ಕೆ ಒಂಬತ್ತರಿಂದ ಹನ್ನೆರಡು. ಲೆವೊನಾರ್ಜೆಸ್ಟ್ರೆಲ್ ಇರುವ ಹಳೆಯ ಅಗ್ಗದ ಗುಳಿಗೆಯಲ್ಲಿ ಅದಕ್ಕಿಂತ ಕಡಿಮೆ. ಅಗ್ಗದ ಗುಳಿಗೆ ಕೀಳೆಂದು ಭಾವಿಸಿ ಸಾಲಮಾಡಿ ದುಬಾರಿಯದನ್ನು ಕೊಳ್ಳುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಮಾಲಾ-ಎನ್ ಗುಳಿಗೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆಯಾಗಿ ಕೊಡುತ್ತಾರೆ. ಮದರಾಸಿನ ಗವರ್ನರರ ಪತ್ನಿಯ ಹೆಸರು ಹೊತ್ತ ನಮ್ಮ ಸರ್ಕಾರಿ ಲೇಡಿಗೋಶನ್ ಆಸ್ಪತ್ರೆಯನ್ನು ಹೆರಿಗೆಗೆಂದೇ ಜನ ಬಲ್ಲರು. ಹೆರಿಗೆಗಳ ನಡುವೆ ಅಂತರವಿಡುವ ಸಲಹೆಯನ್ನೂ ಅಲ್ಲಿ ಕೇಳಬಹುದು. ಅಷ್ಟು ದೂರ ಹೋಗಲಾಗದವರಿಗೆ ನಗರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ. 2011ರಲ್ಲಿ ಆರಂಭವಾದ ಮನೆಬಾಗಿಲ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಒಂದು ತಿಂಗಳ ಗುಳಿಗೆಗೆ ಒಂದು ರೂಪಾಯಿ, ಮೂರು ನಿರೋಧಗಳಿಗೆ ಒಂದು ರೂಪಾಯಿ ಪಡೆಯುವುದೆಂದು ಗೊತ್ತುಮಾಡಲಾಗಿತ್ತು. 1968ರಲ್ಲಿ ನಿರೋಧ್ ಮೊದಲು ಬೀಡಾ ಅಂಗಡಿ, ಕಿರಾಣಿ ಅಂಗಡಿಗಳಿಗೆ ಬಂದಾಗ ಮೂರಕ್ಕೆ 15 ಪೈಸೆ ಇತ್ತು. ಬಡವನ ಕೈಗೆಟುಕಬೇಕೆಂಬ ಆ ಎಣಿಕೆ ಇಂದಿಗೂ ಪೂರ್ತಿ ಬಿಟ್ಟುಹೋಗಿಲ್ಲ.

ಮಧ್ಯಮ ವರ್ಗದ ಎಷ್ಟೋ ಕುಟುಂಬಗಳಿಗೆ ಸರ್ಕಾರಿ ಕೇಂದ್ರದ ಮೆಟ್ಟಿಲು ಹತ್ತಲು ಸಂಕೋಚ. ಯಾರಾದರೂ ಪರಿಚಿತರು ಕಂಡಾರೆಂಬ ಅಳುಕು. ಈ ಸಂಕೋಚದ ಬೆಲೆಯನ್ನು ಒಮ್ಮೆ ಲೆಕ್ಕಹಾಕಿದರೆ, ವರ್ಷಕ್ಕೆ ಕೆಲವು ಸಾವಿರ ರೂಪಾಯಿ! ಇದಕ್ಕಿಂತ ಮುಖ್ಯವಾದ ನಷ್ಟವೂ ಒಂದಿದೆ. ಅಂಗಡಿಯಲ್ಲಿ ಕೊಂಡವಳ ರಕ್ತದೊತ್ತಡವನ್ನು ಯಾರೂ ಅಳೆಯುವುದಿಲ್ಲ. ಆರೋಗ್ಯ ಕೇಂದ್ರದಲ್ಲಿ ಅಳೆಯುತ್ತಾರೆ. ಈ ಗುಳಿಗೆಗೆ ಮುನ್ನ ಬೇಕಾದದ್ದು ದೊಡ್ಡ ದೊಡ್ಡ ರಕ್ತಪರೀಕ್ಷೆಗಳಲ್ಲ. ತೋಳಿಗೆ ಪಟ್ಟಿ ಕಟ್ಟಿ ಒತ್ತಡವನ್ನು ನೋಡುವುದು, ಹತ್ತು ನಿಮಿಷ ಕುಳಿತು ಹಿಂದಿನ ಕಾಯಿಲೆಗಳನ್ನು ವಿಚಾರಿಸುವುದು, ಇಷ್ಟೇ.

ಗುಳಿಗೆ ಒಗ್ಗದವರಿಗೆ

ಹಾರ್ಮೋನು ಬೇಡವೆನ್ನುವವರಿಗೆ ತಾಮ್ರದ ವಂಕಿ, ಅಂದರೆ ಕಾಪರ್-ಟಿ ಉಂಟು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಒಂದು ಬಗೆ ಐದು ವರ್ಷ, ಇನ್ನೊಂದು ಹತ್ತು ವರ್ಷ ಕೆಲಸ ಮಾಡುತ್ತದೆ. ಹೆರಿಗೆಯಾದ 48 ಗಂಟೆಗಳೊಳಗೂ ಇಡಿಸಿಕೊಳ್ಳಬಹುದು. ಮೊದಲ ತಿಂಗಳುಗಳಲ್ಲಿ ಮುಟ್ಟಿನ ಸ್ರಾವ ಮತ್ತು ನೋವು ಹೆಚ್ಚಬಹುದು. ಮೊದಲೇ ರಕ್ತಹೀನತೆ ಇರುವವರು ಇದನ್ನು ವೈದ್ಯರ ಗಮನಕ್ಕೆ ತರಬೇಕು. ದೀರ್ಘಕಾಲದ ಲೆಕ್ಕದಲ್ಲಿ ಇದಕ್ಕಿಂತ ಅಗ್ಗವಾದ ಉಪಾಯ ಕಡಿಮೆ.

ನಮ್ಮ ದೇಶದಲ್ಲೇ ಹುಟ್ಟಿದ ಗುಳಿಗೆಯೊಂದಿದೆಯೆಂಬುದು ಅನೇಕರಿಗೆ ತಿಳಿಯದು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದ, 1991ರಲ್ಲಿ 'ಸಹೇಲಿ' ಎಂಬ ಹೆಸರಿನಲ್ಲಿ ಬಳಕೆಗೆ ಬಂದ ಈ ಗುಳಿಗೆಯಲ್ಲಿ ಹಾರ್ಮೋನು ಇಲ್ಲ. ಅದೇ ಮದ್ದನ್ನು ಇಂದು ಸರ್ಕಾರ 'ಛಾಯಾ' ಎಂದು ಪುಕ್ಕಟೆಯಾಗಿ ಕೊಡುತ್ತಿದೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಅನಂತರ ವಾರಕ್ಕೊಂದು. ಇದರಲ್ಲಿ ವಾಕರಿಕೆಯ ಕಾಟ ಕಡಿಮೆ. ಮೊಲೆಯೂಡುವ ತಾಯಂದಿರೂ ತೆಗೆದುಕೊಳ್ಳಬಹುದು. ಕೆಲವರಿಗೆ ಮುಟ್ಟು ತಡವಾಗುತ್ತದೆ. ಹದಿನೈದು ದಿನಕ್ಕಿಂತ ಹೆಚ್ಚು ತಡವಾದರೆ ಬಸಿರಿನ ಪರೀಕ್ಷೆ ಮಾಡಿಸಬೇಕು. ಅಂಡಾಶಯದಲ್ಲಿ ನೀರುಗುಳ್ಳೆಗಳ ತೊಂದರೆಯಿರುವವರಿಗೆ ಮತ್ತು ಇತ್ತೀಚೆಗೆ ಕಾಮಾಲೆಯಾದವರಿಗೆ ಇದು ಸಲ್ಲದು.

ಮೂರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ 'ಅಂತರಾ' ಚುಚ್ಚುಮದ್ದೂ ಸರ್ಕಾರಿ ಕೇಂದ್ರಗಳಲ್ಲಿದೆ. ಮುಟ್ಟು ಅಕ್ರಮವಾಗುವುದು, ಕೆಲವೊಮ್ಮೆ ನಿಂತೇ ಹೋಗುವುದು ಇದರ ಸಾಮಾನ್ಯ ಪರಿಣಾಮ. ನಿಲ್ಲಿಸಿದ ಮೇಲೆ ಬಸಿರಾಗಲು ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ಬೇಗನೆ ಮಗು ಬೇಕೆನ್ನುವವರು ಇದನ್ನು ತಿಳಿದು ನಿರ್ಧರಿಸಬೇಕು.

ಮಂಗಳೂರಿನಲ್ಲಿ ಕೆಥೋಲಿಕ್ ಕುಟುಂಬಗಳು ಬಹಳ. ಗುಳಿಗೆಯನ್ನು ರೂಪಿಸಿದ ಜಾನ್ ರಾಕ್ ಸ್ವತಃ ನಿಷ್ಠಾವಂತ ಕೆಥೋಲಿಕರಾಗಿದ್ದು, ಇಗರ್ಜಿ ಅದನ್ನು ಒಪ್ಪುವುದೆಂದು ನಂಬಿದ್ದರು. 1968ರಲ್ಲಿ ಆರನೆಯ ಪೋಪ್ ಪೌಲರು ಹೊರಡಿಸಿದ ಪತ್ರ ಕೃತಕ ಉಪಾಯಗಳನ್ನು ನಿರಾಕರಿಸಿತು. ಆ ಶ್ರದ್ಧೆಗೆ ಬದ್ಧರಾದ ದಂಪತಿಗಳಿಗೆ ಸಂಯಮದ ಕ್ರಮಗಳಿವೆ. ಇಂದು ಅವು ಬರಿಯ ಮಣಿ ಎಣಿಕೆಯಲ್ಲ. ಶರೀರದ ಉಷ್ಣ, ಲೋಳೆಯ ಲಕ್ಷಣಗಳನ್ನು ದಿನವೂ ಗಮನಿಸಿ ಬರೆದಿಡುವ ಶಿಸ್ತು. ಸರಿಯಾಗಿ ಕಲಿತು, ಗಂಡಹೆಂಡಿರಿಬ್ಬರೂ ಪಾಲಿಸಿದರೆ ಅವೂ ಫಲ ಕೊಡುತ್ತವೆ. ಅರೆಬರೆ ಪಾಲಿಸಿದರೆ ಕೈಕೊಡುತ್ತವೆ.

ಗಲ್ಫಿನಿಂದ ರಜೆಗೆ ಬರುವವರು

ನಮ್ಮ ಕರಾವಳಿಯದೇ ಆದ ತೊಡಕೊಂದಿದೆ. ದುಬೈ, ಕುವೈತ್, ಮಸ್ಕತ್‌ಗಳಲ್ಲೋ ಹಡಗಿನಲ್ಲೋ ದುಡಿಯುವ ಪತಿ ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ರಜೆಯ ಮೇಲೆ ಬರುತ್ತಾನೆ. ಆ ಒಂದೆರಡು ತಿಂಗಳಿಗೆಂದು ಗುಳಿಗೆ ಆರಂಭಿಸಿ, ಆತ ವಿಮಾನ ಹತ್ತಿದೊಡನೆ ನಿಲ್ಲಿಸುವ ರೂಢಿ ಹಲವು ಮನೆಗಳಲ್ಲಿದೆ. ಇದು ಲಾಭದ ವ್ಯಾಪಾರವಲ್ಲ. ವಾಕರಿಕೆ, ತಲೆನೋವುಗಳು ಕಾಡುವುದು ಆರಂಭದ ತಿಂಗಳುಗಳಲ್ಲಿ; ರಕ್ತದ ಹೆಪ್ಪಿನ ಸಾಧ್ಯತೆ ಹೆಚ್ಚಿರುವುದೂ ಹೊಸದಾಗಿ ಆರಂಭಿಸಿದಾಗ ಮತ್ತು ತಿಂಗಳಿಗಿಂತ ಹೆಚ್ಚು ಬಿಟ್ಟು ಮತ್ತೆ ಹಿಡಿದಾಗ. ಹೀಗೆ ಪ್ರತಿ ರಜೆಯಲ್ಲೂ ಆಕೆ ಗುಳಿಗೆಯ ಕಹಿಯನ್ನಷ್ಟೇ ಉಣ್ಣುತ್ತಾಳೆ, ಹೊಂದಿಕೊಂಡ ಮೇಲಿನ ಸುಖವನ್ನು ಕಾಣುವುದೇ ಇಲ್ಲ. ಮೇಲಾಗಿ ಮುಟ್ಟಿನ ಮೊದಲ ಐದು ದಿನಗಳೊಳಗೆ ಆರಂಭಿಸದಿದ್ದರೆ, ಮೊದಲ ಏಳು ದಿನ ಗುಳಿಗೆಯನ್ನೊಂದನ್ನೇ ನಂಬುವಂತಿಲ್ಲ.

ಇಂಥ ಮನೆಗಳಿಗೆ ನಿರೋಧವಾಗಲಿ, ಹೆಚ್ಚು ವರ್ಷಗಳ ಅಂತರ ಬೇಕಾದವರಿಗೆ ಕಾಪರ್-ಟಿಯಾಗಲಿ ಸೂಕ್ತ. ಟಿಕೆಟ್ಟು ಗೊತ್ತಾದ ದಿನವೇ ದೂರವಾಣಿಯಲ್ಲಿ ಇದನ್ನೂ ಒಂದಿಷ್ಟು ಮಾತನಾಡಿಕೊಳ್ಳಬಾರದೇಕೆ? ತರಬೇಕಾದ ಸಾಮಾನುಗಳ ಪಟ್ಟಿಯಷ್ಟೇ ಇದೂ ಮುಖ್ಯವಲ್ಲವೆ?

ರಜೆಯ ಅವಸರದಲ್ಲಿ ತುರ್ತು ಗುಳಿಗೆಯನ್ನು ಪದೇ ಪದೇ ನುಂಗುವವರೂ ಇದ್ದಾರೆ. 2005ರಿಂದ ವೈದ್ಯರ ಚೀಟಿಯಿಲ್ಲದೆ ದೊರೆಯುವ ಇದು ಹೆಸರಿಗೆ ತಕ್ಕಂತೆ ತುರ್ತಿಗೆ ಮಾತ್ರ. 72 ಗಂಟೆಗಳೊಳಗೆ, ಎಷ್ಟು ಬೇಗ ನುಂಗಿದರೆ ಅಷ್ಟು ಫಲ. ದಿನನಿತ್ಯದ ಗುಳಿಗೆಯಷ್ಟು ರಕ್ಷಣೆ ಇದರಿಂದಿಲ್ಲ. ಪದೇ ಪದೇ ನುಂಗಿದರೆ ಮುಟ್ಟಿನ ಲೆಕ್ಕವೇ ತಪ್ಪುತ್ತದೆ. ಇನ್ನು, ಮದುವೆ, ಪೂಜೆ, ಯಾತ್ರೆಗಳಿಗಾಗಿ ಮುಟ್ಟನ್ನು ಮುಂದೂಡಲು ನುಂಗುವ ಮಾತ್ರೆಯೇ ಬೇರೆ. ಅದನ್ನು ನುಂಗಿದ್ದೇನೆ, ಬಸಿರಾಗಲಾರೆ ಎಂದು ನಂಬಿದವರು ಮೋಸಹೋಗುತ್ತಾರೆ. ಮುಟ್ಟು ತಪ್ಪಿತೆಂದು ಗಾಬರಿಗೊಂಡು, ಗರ್ಭಪಾತದ ಮಾತ್ರೆಯನ್ನು ವೈದ್ಯರಿಗೆ ತಿಳಿಸದೆ ಅಂಗಡಿಯಿಂದ ತರಿಸಿ ನುಂಗುವುದಂತೂ ಪ್ರಾಣಕ್ಕೇ ಎರವಾಗಬಲ್ಲದು.

ಹೊರೆ ಒಬ್ಬಳದೇ?

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 38 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಕರ್ನಾಟಕದಲ್ಲಿ ಈ ಪ್ರಮಾಣ 57. ಪುರುಷರ ಶಸ್ತ್ರಚಿಕಿತ್ಸೆಯನ್ನು ನೆಚ್ಚಿದವರು ದೇಶದಲ್ಲಿ ಸಾವಿರಕ್ಕೆ ಮೂರು! ಪುರುಷನದು ಹೊಲಿಗೆಯಿಲ್ಲದ, ಸ್ವಲ್ಪ ಹೊತ್ತಿನ ಕೆಲಸ; ಹೆಣ್ಣಿನ ಶಸ್ತ್ರಚಿಕಿತ್ಸೆಗಿಂತ ಸುಲಭ, ಅಪಾಯ ಕಡಿಮೆ, ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚೂ ಇಲ್ಲ. ಅದರಿಂದ ಪುರುಷತ್ವ ಕುಂದುತ್ತದೆ, ದುಡಿಯುವ ಶಕ್ತಿ ಹೋಗುತ್ತದೆ ಎಂಬುದು ಶುದ್ಧ ತಪ್ಪು ತಿಳಿವಳಿಕೆ. ಈ ಅಂಕಿಗಳು ಇನ್ನೊಂದನ್ನೂ ಹೇಳುತ್ತವೆ. ಮಕ್ಕಳು ಸಾಕೆನ್ನುವವರೆಗೆ ಏನನ್ನೂ ಬಳಸದೆ, ಕೊನೆಗೆ ಒಮ್ಮೆಗೇ ಶಸ್ತ್ರಚಿಕಿತ್ಸೆಗೆ ಹೋಗುವವರೇ ನಮ್ಮಲ್ಲಿ ಹೆಚ್ಚು. ಮೊದಲ ಮಗುವಿಗೂ ಎರಡನೆಯದಕ್ಕೂ ನಡುವೆ ತಾಯಿಯ ಶರೀರಕ್ಕೆ ಬಿಡುವು ಬೇಕೆಂಬುದು ಮರೆತೇಹೋಗುತ್ತದೆ. ಗುಳಿಗೆ, ವಂಕಿ, ನಿರೋಧಗಳು ಇರುವುದು ಆ ಬಿಡುವಿಗಾಗಿ.

ಗುಳಿಗೆ ಆರಂಭಿಸಬೇಕೆಂದಿರುವ ಗೃಹಿಣಿ ಮೊದಲು ರಕ್ತದೊತ್ತಡವನ್ನು ಅಳೆಯಿಸಿಕೊಳ್ಳಲಿ. ತನಗಾದ ಕಾಯಿಲೆಗಳನ್ನೂ ಸೇವಿಸುತ್ತಿರುವ ಮದ್ದುಗಳನ್ನೂ ಮುಚ್ಚದೆ ಹೇಳಲಿ. ಮೂರು ತಿಂಗಳ ಮೇಲೆ ಮತ್ತೊಮ್ಮೆ ಹೋಗಿ ಹೇಗಿದೆಯೆಂದು ತಿಳಿಸಲಿ. ಒಗ್ಗದಿದ್ದರೆ, ಇನ್ನೊಂದು ವಿಧಾನವನ್ನು ಕೈಗೆ ತೆಗೆದುಕೊಂಡ ಮೇಲೆಯೇ ಇದನ್ನು ಬಿಡಲಿ. ಅಪಾಯದ ಲಕ್ಷಣ ಕಂಡಾಗ ಮಾತ್ರ ಅದಕ್ಕಾಗಿ ಕಾಯದೆ ಅಂದೇ ನಿಲ್ಲಿಸಬೇಕು. ಮನೆಯಲ್ಲಿ ಪತಿಯಾದವನು ಪೊಟ್ಟಣದಲ್ಲಿ ಬರೆದಿರುವುದನ್ನು ತಾನೂ ಒಮ್ಮೆ ಓದಲಿ, ಆರೋಗ್ಯ ಕೇಂದ್ರಕ್ಕೆ ಜೊತೆಯಲ್ಲಿ ಹೋಗಲಿ. ಈ ಕೆಲಸಗಳಿಗೆ ಹಣ ಬೇಕಾಗಿಲ್ಲ, ಒಂದು ಬೆಳಗ್ಗೆಯ ಬಿಡುವು ಸಾಕು.